ನೆನಪನ್ನು ಹೊರುವವರು

ಅರ್ಮೇನಿಯದ ಹಳೆಯ ಲಿಪಿಕಾರರಿಗೆ ಒಂದು ರೂಢಿಯಿತ್ತು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕೂತು ಗ್ರಂಥವೊಂದನ್ನು ಪ್ರತಿ ಮಾಡಿ ಮುಗಿಸಿದ ಮೇಲೆ, ಕೊನೆಯ ಹಾಳೆಗಳಲ್ಲಿ ಅವರು ತಮ್ಮದೂ ನಾಲ್ಕು ಮಾತು ಬರೆಯುತ್ತಿದ್ದರು. ಬರೆದವನ ಹೆಸರು, ಅವನ ತಂದೆತಾಯಿಯರ ಹೆಸರು, ಬರೆಸಿದವರ ಹೆಸರು, ಕೆಲಸಕ್ಕೆ ನೆರವಾದವರ ಹೆಸರು. ಆ ವರ್ಷ ಯಾವ ದೊರೆ ಆಳುತ್ತಿದ್ದ, ಯಾವ ದಂಡು ಊರ ಮೇಲೆ ಬಿತ್ತು, ಬೆಳೆ ಬಂತೋ ಬರ ಬಂತೋ ಎಂಬುದೂ ಅಲ್ಲಿರುತ್ತಿತ್ತು. ಎಲ್ಲಕ್ಕಿಂತ ಕೊನೆಗೆ ಓದುವವರಲ್ಲಿ ಒಂದು ಪ್ರಾರ್ಥನೆ: ನಮ್ಮನ್ನು ನೆನೆಯಿರಿ. ಇಂಥ ಸಾವಿರಾರು ಬರಹಗಳು ಇಂದಿಗೂ ಉಳಿದಿವೆ. ಅವನ್ನು ಓದಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಲೂಟಿಗೆ ಸಿಕ್ಕಿದ ಗ್ರಂಥದ ಬಗ್ಗೆ ಅವರು ಬರೆಯುವುದು ‘ಸೆರೆಯಾಯಿತು’ ಎಂದು. ಹಣ ಕೊಟ್ಟು ಮರಳಿ ತಂದರೆ ‘ಸೆರೆಯಿಂದ ಬಿಡಿಸಿಕೊಂಡೆವು’ ಎಂದು. ಮಕ್ಕಳನ್ನು ಬಿಡಿಸಿಕೊಂಡು ಬರುವ ಹಾಗೆ ಅವರು ಪುಸ್ತಕಗಳನ್ನು ಬಿಡಿಸಿಕೊಂಡು ಬರುತ್ತಿದ್ದರು.

ಒಂದು ಜನ ತನ್ನ ನೆನಪನ್ನು ಇಷ್ಟು ಜತನದಿಂದ ಕಾಯುವುದೇಕೆ? ಹಾಗೆ ಕಾಯ್ದ ನೆನಪಿನಿಂದ ಕೊನೆಗೆ ಯಾರಿಗೆ ಏನು ಸಿಗುತ್ತದೆ? ಅರ್ಮೇನಿಯನ್ನರ ಇತಿಹಾಸವನ್ನು ಓದುವಾಗ ನನ್ನನ್ನು ಬಿಡದೆ ಕಾಡುವ ಪ್ರಶ್ನೆಗಳಿವು. 1915ರಲ್ಲಿ ಅವರಿಗೆ ಆದದ್ದು ಇಪ್ಪತ್ತನೇ ಶತಮಾನದ ಮೊದಲ ದೊಡ್ಡ ನರಮೇಧಗಳಲ್ಲಿ ಒಂದು. ಅದು ನಡೆದು ನೂರು ವರ್ಷ ದಾಟಿದರೂ, ಅದು ನಡೆಯಿತು ಎಂದು ಹೇಳುತ್ತಲೇ ಇರಬೇಕಾದ ಕೆಲಸ ಅವರಿಗೆ ತಪ್ಪಿಲ್ಲ. ಸತ್ತವರಿಗಾಗಿ ಅತ್ತು ಸಮಾಧಾನ ಮಾಡಿಕೊಳ್ಳುವ ಹಕ್ಕೂ ಅವರಿಗೆ ಪೂರ್ತಿಯಾಗಿ ಸಿಕ್ಕಿಲ್ಲ.

ಮೊದಲಿನಿಂದ ನೋಡೋಣ. ಅರಾರಾತ್ ಪರ್ವತದ ಸುತ್ತಲ ಎತ್ತರದ ನಾಡು ಅರ್ಮೇನಿಯನ್ನರದು. ಪಶ್ಚಿಮಕ್ಕೆ ರೋಮ್, ಪೂರ್ವಕ್ಕೆ ಪರ್ಷಿಯ. ಎರಡು ಸಾಮ್ರಾಜ್ಯಗಳ ನಡುವಿನ ದಾರಿಯಲ್ಲಿ ಕೂತ ನಾಡಿಗೆ ನೆಮ್ಮದಿ ಅಪರೂಪ. 301ರ ಹೊತ್ತಿಗೆ ರಾಜ ತಿರಿದಾತ ಕ್ರೈಸ್ತ ಧರ್ಮವನ್ನು ರಾಜ್ಯದ ಧರ್ಮವಾಗಿ ಸ್ವೀಕರಿಸಿದನೆಂದು ಪರಂಪರೆ ಹೇಳುತ್ತದೆ. ಹಾಗೆ ಮಾಡಿದ ಮೊದಲ ರಾಜ್ಯ ಅದು. 387ರಲ್ಲಿ ಎರಡು ಸಾಮ್ರಾಜ್ಯಗಳೂ ನಾಡನ್ನು ತಮ್ಮತಮ್ಮಲ್ಲಿ ಹಂಚಿಕೊಂಡವು. 428ರಲ್ಲಿ ಅರಸೊತ್ತಿಗೆಯೇ ಹೋಯಿತು. ಈ ಎರಡು ನಷ್ಟಗಳ ನಡುವೆ, 405ರ ಸುಮಾರಿಗೆ, ಮೆಸ್ರೋಪ್ ಮಾಷ್ತೋತ್ಸ್ ಎಂಬ ಸನ್ಯಾಸಿ ತನ್ನ ಜನದ ಮಾತಿಗೆ 36 ಅಕ್ಷರಗಳನ್ನು ರೂಪಿಸಿಕೊಟ್ಟ. ಅಲ್ಲಿಯವರೆಗೆ ಪೂಜೆ ಪ್ರಾರ್ಥನೆ ಗ್ರೀಕಿನಲ್ಲೋ ಸಿರಿಯಾಕಿನಲ್ಲೋ ನಡೆಯುತ್ತಿದ್ದವು; ಆಳುವವರ ಭಾಷೆ ಪರ್ಷಿಯನ್. ನಾಡು ಕೈತಪ್ಪುತ್ತಿದ್ದ ಹೊತ್ತಿನಲ್ಲೇ ಅಕ್ಷರ ಕೈಗೆ ಬಂತು. ಆಮೇಲಿನ ಸಾವಿರದ ಐನೂರು ವರ್ಷ ಅರಬರು, ಬೈಜಾಂಟಿಯನ್ನರು, ಸೆಲ್ಜುಕರು, ಮಂಗೋಲರು, ತೈಮೂರ, ಒಟ್ಟೋಮನ್ನರು, ಸಫಾವಿದರು ಆ ನೆಲದ ಮೇಲೆ ಹಾದುಹೋದರು. ರಾಜ್ಯಗಳು ಎದ್ದವು, ಬಿದ್ದವು. ಅಕ್ಷರ ಮಾತ್ರ ಅವರ ಕೈಯಲ್ಲೇ ಉಳಿಯಿತು. ನೆಲ ಇಲ್ಲದಾಗ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಆ ಜನ ಕಂಡುಕೊಂಡ ಉತ್ತರ ಅದು.

ಆ ಉತ್ತರದ ಒಂದು ಎಳೆ ನಮ್ಮ ದೇಶದ ತನಕ ಬಂದಿದೆ. 1604–05ರಲ್ಲಿ ಪರ್ಷಿಯದ ಷಾ ಅಬ್ಬಾಸ್ ಒಟ್ಟೋಮನ್ನರ ಜೊತೆಗಿನ ಯುದ್ಧದ ನಡುವೆ ಅರಾಸ್ ನದಿಯ ದಡದ ಜುಗಾ ಎಂಬ ಅರ್ಮೇನಿಯನ್ ಪಟ್ಟಣವನ್ನು ಖಾಲಿ ಮಾಡಿಸಿದ. ಜನರನ್ನು ಹೊಳೆ ದಾಟಿಸಿ, ಇಸ್ಫಹಾನಿನ ಪಕ್ಕದಲ್ಲಿ ಹೊಸ ಜುಲ್ಫಾ ಎಂಬ ಬಡಾವಣೆಯಲ್ಲಿ ನೆಲೆಗೊಳಿಸಿದ. ದಾಟುವಾಗ ಹೊಳೆಪಾಲಾದವರು ಬಹಳ. ಬದುಕುಳಿದವರ ಮಕ್ಕಳು ರೇಷ್ಮೆ, ರತ್ನ, ಬಟ್ಟೆಯ ವ್ಯಾಪಾರ ಹಿಡಿದು ಸೂರತ್, ಆಗ್ರಾ, ಕಲ್ಕತ್ತಾ, ಮದರಾಸುಗಳಿಗೆ ಬಂದರು. ಮದರಾಸಿನ ಜಾರ್ಜ್‌ಟೌನಿನಲ್ಲಿ ಅರ್ಮೇನಿಯನ್ ಬೀದಿ ಈಗಲೂ ಇದೆ. ಅಲ್ಲಿನ ಇಗರ್ಜಿ 1772ರದು. ಆ ಊರಿನ ವರ್ತಕ ಶಾಹಮಿರ್ ಶಾಹಮಿರಿಯನ್ ಹದಿನೆಂಟನೇ ಶತಮಾನದ ಕೊನೆಯ ದಶಕಗಳಲ್ಲಿ ತನ್ನ ಸ್ವಂತ ಮುದ್ರಣಾಲಯದಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಅದು ಸ್ವತಂತ್ರ ಅರ್ಮೇನಿಯಕ್ಕೊಂದು ಸಂವಿಧಾನದ ಕರಡು. ಅಂಥ ದೇಶ ಆಗ ಭೂಪಟದಲ್ಲೇ ಇರಲಿಲ್ಲ. ಜನರಿಂದ ಆಯ್ಕೆಯಾದವರ ಸಭೆ ಆಳಬೇಕು, ಆಳುವವರೂ ಕಾನೂನಿಗೆ ಬಗ್ಗಬೇಕು ಎಂದು ಅದರಲ್ಲಿ ಬರೆದಿತ್ತು. 1794ರಲ್ಲಿ ಪಾದ್ರಿ ಹರುತ್ಯುನ್ ಶ್ಮಾವೋನಿಯನ್ ಪ್ರಪಂಚದ ಮೊದಲ ಅರ್ಮೇನಿಯನ್ ನಿಯತಕಾಲಿಕ ‘ಅಜ್ದರಾರ್’ ಅನ್ನು ಹೊರಡಿಸಿದ್ದೂ ಮದರಾಸಿನಿಂದಲೇ. ಮನೆಯೇ ಇಲ್ಲದವರು ಮನೆಯ ಕಟ್ಟಳೆಗಳನ್ನು ಬರೆದಿಟ್ಟರು, ಅದೂ ನಮ್ಮ ನೆರೆಯ ಊರಿನಲ್ಲಿ ಕೂತು.

ಕನ್ನಡ ನಾಡಿಗೂ ಅವರ ನೆರಳು ತಾಕಿದೆ. 1902ರಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿ ದೇಶಕ್ಕೆಲ್ಲ ಹೆಸರಾದ ಗೌಹರ್ ಜಾನ್ ತಂದೆಯ ಕಡೆಯಿಂದ ಅರ್ಮೇನಿಯನ್ ಮೂಲದವರು. ಅವರು 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಇನ್ನು ಒಟ್ಟೋಮನ್ ಸಾಮ್ರಾಜ್ಯದಲ್ಲಿ ಉಳಿದವರ ಕಥೆ. ಅಲ್ಲಿ ಅರ್ಮೇನಿಯನ್ನರು ಶತಮಾನಗಳ ಕಾಲ ತಮ್ಮ ಧರ್ಮಗುರುವಿನ ಅಧೀನದಲ್ಲಿ, ತಮ್ಮದೇ ಶಾಲೆ, ಇಗರ್ಜಿಗಳೊಂದಿಗೆ ಬದುಕಿದ್ದರು. ಎರಡನೇ ದರ್ಜೆಯ ಪ್ರಜೆಗಳು. ತೆರಿಗೆ ಹೆಚ್ಚು, ಹಕ್ಕು ಕಡಿಮೆ. ಆದರೂ ಬದುಕು ಸಾಗಿತ್ತು. ರಾಜಧಾನಿ ಇಸ್ತಾಂಬುಲ್‌ನಲ್ಲಿ ಅರಮನೆ ಕಟ್ಟಿದ ವಾಸ್ತುಶಿಲ್ಪಿಗಳು, ವೈದ್ಯರು, ನಾಟಕದವರು ಅವರಲ್ಲಿದ್ದರು. ಪೂರ್ವದ ಹಳ್ಳಿಗಳಲ್ಲಿದ್ದವರು ರೈತರು, ಕಮ್ಮಾರರು, ನೇಯ್ಗೆಯವರು. 1878ರ ಬರ್ಲಿನ್ ಒಪ್ಪಂದದಲ್ಲಿ ಈ ಹಳ್ಳಿಗರ ರಕ್ಷಣೆಗೆ ಸುಧಾರಣೆ ತರುತ್ತೇವೆಂಬ ಮಾತು ಸೇರಿತು. ಯೂರೋಪಿನ ದೊಡ್ಡ ರಾಷ್ಟ್ರಗಳು ಆ ಮಾತನ್ನು ಕಾಗದದಲ್ಲೇ ಬಿಟ್ಟವು. ಆದರೆ ಸುಲ್ತಾನನಿಗೆ ಅಷ್ಟೇ ಸಾಕಾಯಿತು. ಹೊರಗಿನವರ ಬೆಂಬಲವಿರುವ ಈ ಜನ ನಾಳೆ ನಾಡನ್ನೇ ಒಡೆಯುತ್ತಾರೆಂಬ ಶಂಕೆ ಬೆಳೆಯಿತು. 1894ರಿಂದ 1896ರವರೆಗೆ ಆ ಸುಲ್ತಾನ ಅಬ್ದುಲ್ ಹಮೀದನ ಕಾಲದ ಹತ್ಯಾಕಾಂಡಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಕಾಪಾಡುತ್ತೇವೆಂದು ಮಾತು ಕೊಟ್ಟು ಕಾಪಾಡದೆ ಹೋಗುವುದು, ಮಾತೇ ಕೊಡದಿರುವುದಕ್ಕಿಂತ ಕ್ರೂರ ಎಂಬುದನ್ನು ಅರ್ಮೇನಿಯನ್ನರು ಆಗ ಕಲಿತರು.

1908ರಲ್ಲಿ ಯುವ ತುರ್ಕರ ಕ್ರಾಂತಿಯಾಗಿ ಸಂವಿಧಾನ ಮರಳಿದಾಗ ತುರ್ಕರೂ ಅರ್ಮೇನಿಯನ್ನರೂ ಬೀದಿಯಲ್ಲಿ ತಬ್ಬಿಕೊಂಡು ಸಂಭ್ರಮಿಸಿದ್ದರು. ಮರು ವರ್ಷವೇ ಅದಾನಾ ಪ್ರಾಂತದಲ್ಲಿ ಇಪ್ಪತ್ತು ಸಾವಿರದಷ್ಟು ಅರ್ಮೇನಿಯನ್ನರ ಕೊಲೆಯಾಯಿತು. 1912–13ರ ಬಾಲ್ಕನ್ ಯುದ್ಧಗಳಲ್ಲಿ ಒಟ್ಟೋಮನ್ನರು ಯೂರೋಪಿನ ತಮ್ಮ ನೆಲವನ್ನು ಹೆಚ್ಚುಕಡಿಮೆ ಪೂರ್ತಿ ಕಳೆದುಕೊಂಡರು. ಅಲ್ಲಿಂದ ಲಕ್ಷಾಂತರ ಮುಸ್ಲಿಂ ನಿರಾಶ್ರಿತರು ಅನಾತೋಲಿಯಕ್ಕೆ ಹರಿದುಬಂದರು. ಅವರೂ ಮನೆ ಸುಟ್ಟುಹೋದವರು, ಮಕ್ಕಳನ್ನು ಕಳೆದುಕೊಂಡವರು. ಅವರ ದುಃಖ ಸುಳ್ಳಲ್ಲ. ಆದರೆ ಆ ದುಃಖಕ್ಕೆ ದಾರಿ ತೋರಿಸಿದವರು, ನಿಮ್ಮ ಗಾಯಕ್ಕೆ ಪಕ್ಕದ ಮನೆಯವನೇ ಕಾರಣ ಎಂದು ಬೆರಳು ಮಾಡಿದರು. ನೋವಿನ ನೆನಪು ತಾನಾಗಿ ಯಾರನ್ನೂ ಕರುಣಾಳುವಾಗಿಸುವುದಿಲ್ಲ. ಅದನ್ನು ಯಾರ ಕೈಗೆ ಕೊಡುತ್ತೇವೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಮೊದಲ ಮಹಾಯುದ್ಧ ಬಂತು. ಸಾರಿಕಾಮಿಷ್‌ನ ಹಿಮದಲ್ಲಿ ಎನ್ವರ್ ಪಾಷಾನ ಒಟ್ಟೋಮನ್ ಸೇನೆ ರಷ್ಯನ್ನರ ಎದುರು ನುಚ್ಚುನೂರಾಯಿತು. ಸೋಲಿಗೆ ಕಾರಣ ಬೇಕಿತ್ತು. ಅರ್ಮೇನಿಯನ್ನರ ದ್ರೋಹವೆಂಬ ಕಾರಣ ಸಿಕ್ಕಿತು. ಸೇನೆಯಲ್ಲಿದ್ದ ಅರ್ಮೇನಿಯನ್ ಸೈನಿಕರ ಆಯುಧ ಕಿತ್ತುಕೊಂಡು ಅವರನ್ನು ಕೂಲಿಗೆ ಹಚ್ಚಿದರು. ಬಹುಪಾಲು ಜನರನ್ನು ಆಮೇಲೆ ಕೊಂದರು. 1915ರ ಏಪ್ರಿಲ್ 24ರ ರಾತ್ರಿ ರಾಜಧಾನಿಯಲ್ಲಿ ಪೊಲೀಸರು ಮನೆಮನೆಗೆ ಹೋಗಿ ಇನ್ನೂರಕ್ಕೂ ಹೆಚ್ಚು ಅರ್ಮೇನಿಯನ್ನರನ್ನು ಎಬ್ಬಿಸಿ ಕರೆದೊಯ್ದರು. ಆ ಪಟ್ಟಿಯಲ್ಲಿದ್ದವರು ಕವಿಗಳು, ಪತ್ರಕರ್ತರು, ಮೇಷ್ಟ್ರುಗಳು, ವೈದ್ಯರು, ಪಾದ್ರಿಗಳು. ಒಂದು ಜನವನ್ನು ಅಳಿಸಲು ಹೊರಟವರು ಮೊದಲು ಕೈಹಾಕಿದ್ದು ಬರೆಯಬಲ್ಲವರ ಮೇಲೆ, ಹಾಡಬಲ್ಲವರ ಮೇಲೆ. ನೆನಪು ಎಲ್ಲಿರುತ್ತದೆ ಎಂಬುದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಆ ಪಟ್ಟಿಯಲ್ಲಿ ಕೋಮಿತಾಸ್ ಇದ್ದರು. ಅವರು ಸನ್ಯಾಸಿ, ಸಂಗೀತಜ್ಞ. ಹಳ್ಳಿಹಳ್ಳಿ ಸುತ್ತಿ ರೈತರು, ಹೆಂಗಸರು ಹಾಡುವ ಸಾವಿರಾರು ಹಾಡುಗಳನ್ನು ಸ್ವರ ಹಾಕಿ ಬರೆದಿಟ್ಟಿದ್ದರು. ನೆರೆಯ ಕುರ್ದರ ಹಾಡುಗಳನ್ನೂ ಸಂಗ್ರಹಿಸಿದ್ದರು. ಕೆಲವೇ ವಾರಗಳಲ್ಲಿ ಅವರನ್ನು ಬಿಟ್ಟರು. ಆದರೆ ಕಂಡದ್ದನ್ನು ಅವರ ಮನಸ್ಸು ತಾಳಲಿಲ್ಲ. ಮುಂದಿನ ವರ್ಷಗಳೆಲ್ಲ ಆಸ್ಪತ್ರೆಯಲ್ಲೇ ಕಳೆದು 1935ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಕವಿ ದಾನಿಯೇಲ್ ವರೂಜಾನ್ ಅವರನ್ನು 1915ರ ಆಗಸ್ಟಿನಲ್ಲಿ ದಾರಿಯಲ್ಲಿ ಕೊಂದರು. ಬಂಧಿಸುವಾಗ ವಶಪಡಿಸಿಕೊಂಡಿದ್ದ ಅವರ ಹಸ್ತಪ್ರತಿ, ಹೊಲ, ಗೋಧಿ, ರೊಟ್ಟಿಯ ಬಗೆಗಿನ ಕವಿತೆಗಳದು, ಹೇಗೋ ಉಳಿದು 1921ರಲ್ಲಿ ಅಚ್ಚಾಯಿತು. ಸಂಸತ್ ಸದಸ್ಯರೂ ವಕೀಲರೂ ಆಗಿದ್ದ ಗ್ರಿಗೋರ್ ಜೊಹ್ರಾಬ್ ಗೃಹಮಂತ್ರಿ ತಲಾತ್ ಪಾಷಾನ ಒಡನಾಟವಿದ್ದವರು. ಆ ಒಡನಾಟ ಅವರನ್ನು ಉಳಿಸಲಿಲ್ಲ. ಕೆಲವು ವಾರಗಳ ನಂತರ ಅವರ ಬಂಧನವಾಯಿತು. ಉರ್ಫಾದ ಬಳಿ ಕೊಲೆಯಾಯಿತು.

1915ರ ಮೇ 27ರಂದು ಗಡೀಪಾರಿನ ಕಾನೂನು ಬಂತು. ಅದರ ಪಠ್ಯದಲ್ಲಿ ಕೊಲೆಯ ಮಾತಿಲ್ಲ, ಅರ್ಮೇನಿಯನ್ನರ ಹೆಸರೂ ಇಲ್ಲ. ಯುದ್ಧಕಾಲದ ಭದ್ರತೆಗಾಗಿ ಜನರನ್ನು ಸ್ಥಳಾಂತರಿಸುವ ಅಧಿಕಾರ ಸೇನೆಗಿದೆ ಎಂಬಷ್ಟೇ ಅದರ ಸಾರ. ಆ ತಣ್ಣನೆಯ ಸಾಲುಗಳಡಿ ನಡೆದದ್ದು ಇದು: ಊರೂರಿನಲ್ಲಿ ಗಂಡಸರನ್ನು ಬೇರೆ ಮಾಡಿ ಊರಾಚೆ ಕೊಂದರು. ಹೆಂಗಸರು, ಮಕ್ಕಳು, ಮುದುಕರನ್ನು ಕಾಲ್ನಡಿಗೆಯಲ್ಲಿ ಸಿರಿಯದ ಮರುಭೂಮಿಯತ್ತ ಅಟ್ಟಿದರು. ದಾರಿಯಲ್ಲಿ ಹಸಿವು, ಬಾಯಾರಿಕೆ, ಟೈಫಸ್, ಜೈಲಿನಿಂದ ಬಿಟ್ಟ ಕೈದಿಗಳ ಪಡೆಗಳು, ಅತ್ಯಾಚಾರ, ಅಪಹರಣ. ಯೂಫ್ರೆಟಿಸ್ ನದಿಯಲ್ಲಿ ಹೆಣಗಳು ತೇಲಿದವು. ದೇರ್ ಎಜ್-ಜೋರ್ ತಲುಪಿದವರನ್ನು ಮರುವರ್ಷ ಅಲ್ಲೇ ಕೊಂದರು. ಯುದ್ಧಕ್ಕೆ ಮುಂಚೆ ಸಾಮ್ರಾಜ್ಯದಲ್ಲಿದ್ದ ಅರ್ಮೇನಿಯನ್ನರು ಹದಿನೈದರಿಂದ ಇಪ್ಪತ್ತು ಲಕ್ಷ. ಸತ್ತವರು ಸುಮಾರು ಹತ್ತು ಲಕ್ಷವೆಂದು ಹೆಚ್ಚಿನ ಇತಿಹಾಸಕಾರರು ಹೇಳುತ್ತಾರೆ. ಹದಿನೈದು ಲಕ್ಷವೆನ್ನುವ ಅಂದಾಜೂ ಇದೆ. ಅಸಿರಿಯನ್ ಕ್ರೈಸ್ತರೂ ಅದೇ ದಿನಗಳಲ್ಲಿ ಅದೇ ಬಗೆಯಲ್ಲಿ ಸತ್ತರು.

ಕೊಲೆಗಾರರ ಕ್ರೌರ್ಯಕ್ಕಿಂತ ಹೆಚ್ಚಾಗಿ ನನ್ನನ್ನು ತಲ್ಲಣಗೊಳಿಸುವುದು ಕಚೇರಿಯ ಲೆಕ್ಕಾಚಾರ. ಹೊರಟುಹೋದವರ ಮನೆ, ಅಂಗಡಿ, ಹೊಲಗಳನ್ನು ‘ಬಿಟ್ಟುಹೋದ ಆಸ್ತಿ’ ಎಂದು ನಮೂದಿಸಲು ಬೇರೆ ಕಾನೂನು, ಬೇರೆ ಸಮಿತಿಗಳು. ಆಗ ಅಮೆರಿಕದ ರಾಯಭಾರಿಯಾಗಿದ್ದ ಹೆನ್ರಿ ಮಾರ್ಗೆಂಥೌ ತಮ್ಮ ಅನುಭವ ಕಥನದಲ್ಲಿ ಒಂದು ಭೇಟಿಯನ್ನು ದಾಖಲಿಸಿದ್ದಾರೆ. ಅಮೆರಿಕದ ಜೀವವಿಮಾ ಕಂಪನಿಗಳಲ್ಲಿ ಪಾಲಿಸಿ ಮಾಡಿಸಿದ್ದ ಅರ್ಮೇನಿಯನ್ನರ ಪಟ್ಟಿಯನ್ನು ತರಿಸಿಕೊಡಿ ಎಂದು ತಲಾತ್ ಅವರನ್ನು ಕೇಳಿದನಂತೆ. ಅವರೆಲ್ಲ ಹೆಚ್ಚುಕಡಿಮೆ ಸತ್ತಿದ್ದಾರೆ, ವಾರಸುದಾರರೂ ಇಲ್ಲ, ಹಾಗಾಗಿ ಹಣ ಸರ್ಕಾರಕ್ಕೆ ಸೇರಬೇಕು ಎಂಬುದು ಅವನ ವಾದ. ಮಾರ್ಗೆಂಥೌ ಸಿಟ್ಟಿನಿಂದ ನಿರಾಕರಿಸಿ ಎದ್ದುಬಂದರು. ದ್ವೇಷ ಕುದಿಯುವುದು ಬೀದಿಯಲ್ಲಿ. ನರಮೇಧಕ್ಕೆ ಅದೊಂದೇ ಸಾಲದು. ಮೇಜು ಬೇಕು, ಪಟ್ಟಿ ಬೇಕು, ಮೊಹರು ಬೇಕು, ಮೇಲಿನವರು ಹೇಳಿದ್ದನ್ನು ಮಾಡಿ ಮನೆಗೆ ಹೋಗಿ ಊಟ ಮಾಡುವವರು ಬೇಕು.

ಅದೇ ಮೇಜುಗಳ ಹಿಂದೆ ಕೂತು ಆಗುವುದಿಲ್ಲ ಎಂದವರೂ ಇದ್ದರು. ಅಲೆಪ್ಪೋದ ರಾಜ್ಯಪಾಲ ಜಲಾಲ್ ಬೇ ಗಡೀಪಾರಿನ ಆಜ್ಞೆಯನ್ನು ವಿರೋಧಿಸಿದರು. ಅವರನ್ನು ಕೋನ್ಯಾಕ್ಕೆ ವರ್ಗ ಮಾಡಿದರು. ಅಲ್ಲೂ ಅವರು ಸಾವಿರಾರು ಜನರ ಗಡೀಪಾರನ್ನು ತಡೆಹಿಡಿದರು, ಕೊನೆಗೆ ಹುದ್ದೆ ಕಳೆದುಕೊಂಡರು. ಲಿಜೆಯ ಅಧಿಕಾರಿ ಹುಸೇನ್ ನೆಸಿಮಿ ಆಜ್ಞೆ ಪಾಲಿಸದ್ದಕ್ಕೆ ಪ್ರಾಣವನ್ನೇ ತೆತ್ತರು. ದೆರ್ಸಿಮಿನ ಕುರ್ದರು ಸಾವಿರಾರು ಜನರನ್ನು ಬೆಟ್ಟದ ದಾರಿಯಲ್ಲಿ ರಷ್ಯನ್ ಗಡಿಗೆ ದಾಟಿಸಿದರು. ಅರಬ್ ಮನೆಗಳು ಅನಾಥ ಮಕ್ಕಳನ್ನು ಸಾಕಿದವು. ಮೆಕ್ಕಾದ ಷರೀಫ್ ಹುಸೇನ್ 1917ರಲ್ಲಿ, ಅರ್ಮೇನಿಯನ್ನರನ್ನು ನಿಮ್ಮವರಂತೆಯೇ ಕಾಪಾಡಿ ಎಂದು ತಮ್ಮವರಿಗೆ ಆಜ್ಞೆ ಕಳಿಸಿದರು. ಇದನ್ನು ಒತ್ತಿ ಹೇಳಬೇಕು. ಈ ಕಥೆಯನ್ನು ಇಸ್ಲಾಮಿಗೂ ಕ್ರೈಸ್ತಕ್ಕೂ ನಡೆದ ಜಗಳವೆಂದು ಓದಿ, ಅದನ್ನು ತಂದು ನಮ್ಮ ಬೀದಿಯ ಜಗಳಕ್ಕೆ ತುಪ್ಪ ಸುರಿಯುವವರು ಸತ್ತವರಿಗೂ ಅನ್ಯಾಯ ಮಾಡುತ್ತಾರೆ, ಅವರನ್ನು ಉಳಿಸಿದವರಿಗೂ. ಕೊಲ್ಲಲು ಹೊರಟದ್ದು ಒಂದು ಧರ್ಮವಲ್ಲ. ತಾನೊಬ್ಬನೇ ಈ ನೆಲಕ್ಕೆ ವಾರಸುದಾರ ಎಂದು ನಂಬಿದ ರಾಷ್ಟ್ರವಾದ ಅದು.

ಇಂಥ ದಾರಿಯಲ್ಲಿ ನಡೆದವರು ಏನನ್ನು ಹೊತ್ತು ನಡೆದರು? ಯೆರೆವಾನ್‌ನ ಮಾತೆನಾದರಾನ್ ಎಂಬ ಹಸ್ತಪ್ರತಿ ಭಂಡಾರದಲ್ಲಿ ಮೂಷ್ ಊರಿನ ಪ್ರವಚನ ಗ್ರಂಥವಿದೆ. 1200ರಿಂದ 1202ರ ನಡುವೆ ಬರೆದದ್ದು. ಹಾಳೆಗಳು ಸುಮಾರು 600, ತೂಕ ಸುಮಾರು 28 ಕಿಲೋ. ಒಂದೊಂದು ಹಾಳೆಗೂ ಒಂದು ಕರುವಿನ ತೊಗಲು. ಬರೆಸಿದವನು ದಾಳಿಯಲ್ಲಿ ಸತ್ತು ಗ್ರಂಥ ಪರರ ಪಾಲಾದಾಗ, ಸುತ್ತಲ ಜನ ಕಾಸಿಗೆ ಕಾಸು ಕೂಡಿಸಿ 4,000 ಬೆಳ್ಳಿ ನಾಣ್ಯ ತೆತ್ತು ಬಿಡಿಸಿ ತಂದು ಮೂಷ್‌ನ ಮಠಕ್ಕೆ ಒಪ್ಪಿಸಿದ್ದರು. ಕೊಟ್ಟವರಲ್ಲಿ ಓದಲು ಬಾರದವರೇ ಹೆಚ್ಚಿದ್ದಿರಬೇಕು. ಏಳು ಶತಮಾನ ಅದು ಮಠದಲ್ಲಿತ್ತು. 1915ರಲ್ಲಿ ಮಠ ಹಾಳಾಯಿತು. ಓಡಿಹೋಗುತ್ತಿದ್ದ ಇಬ್ಬರು ಹೆಂಗಸರಿಗೆ ಆ ಗ್ರಂಥ ಕಂಡಿತಂತೆ. ಒಬ್ಬರಿಂದ ಎತ್ತಲಾಗದ ಭಾರ. ಎರಡು ಭಾಗ ಮಾಡಿ ಅರ್ಧರ್ಧ ಹೊತ್ತರು. ಒಬ್ಬಳು ಹೇಗೋ ಎಚ್ಮಿಯಾದ್ಜಿನ್ ಮಠವನ್ನು ಮುಟ್ಟಿ ತನ್ನ ಪಾಲನ್ನು ಒಪ್ಪಿಸಿದಳು. ಇನ್ನೊಬ್ಬಳು ದಾರಿಯಲ್ಲೇ ತೀರಿಕೊಂಡಳು. ಸಾಯುವ ಮುನ್ನ ತನ್ನ ಪಾಲನ್ನು ಎರ್ಜುರುಮ್‌ನಲ್ಲಿ ಹೂತಿಟ್ಟಿದ್ದಳು. ಮುಂದೆ ಅದು ರಷ್ಯನ್ ಸೇನಾಧಿಕಾರಿಯೊಬ್ಬರ ಕೈಗೆ ಸಿಕ್ಕಿತು. ಹೀಗೆ ಎರಡು ಅರ್ಧಗಳೂ ಮತ್ತೆ ಸೇರಿದವು. ಆ ಹೆಂಗಸರ ಹೆಸರು ಯಾರಿಗೂ ತಿಳಿಯದು.

ಉಣ್ಣಲು ಇಲ್ಲದ, ಮುಂದಿನ ಹಗಲು ಕಾಣುವ ಭರವಸೆ ಇಲ್ಲದ ಇಬ್ಬರು ಹದಿನಾಲ್ಕು ಹದಿನಾಲ್ಕು ಕಿಲೋ ತೊಗಲನ್ನು ಹೊತ್ತು ಬೆಟ್ಟ ಹತ್ತಿದ್ದು ಏಕೆ? ಪುಸ್ತಕಕ್ಕಿಂತ ಜೀವ ದೊಡ್ಡದು ಎಂದು ನಾವು ಹೇಳುತ್ತೇವೆ, ಅದು ಸರಿ. ಆದರೆ ಅವರಿಗೆ ಅದು ಜೀವದಿಂದ ಬೇರೆಯಾದ ವಸ್ತುವಾಗಿ ಕಾಣಲಿಲ್ಲ. ಊರು ಹೋಯಿತು, ಮನೆಯವರು ಹೋದರು. ಒಂದು ಕಾಲದಲ್ಲಿ ನಾವಿದ್ದೆವು ಎನ್ನಲು ಉಳಿದದ್ದು ಇದೊಂದು. ಆ ಕಥೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಇನ್ನೊಂದು ವಿವರದಲ್ಲಿ: ಅವರು ಭಾರವನ್ನು ಹಂಚಿಕೊಂಡರು. ಒಬ್ಬಳೇ ಹೊರಲು ಹೊರಟಿದ್ದರೆ ಗ್ರಂಥ ಅಲ್ಲೇ ಉಳಿಯುತ್ತಿತ್ತು.

ಅರ್ಮೇನಿಯನ್ನರಿಗೆ ಆಮೇಲೆ ಸಿಗದೆ ಹೋದದ್ದು ಭಾರ ಹಂಚಿಕೊಳ್ಳುವ ಆ ಇನ್ನೊಂದು ಹೆಗಲು. 1919ರಲ್ಲಿ ಇಸ್ತಾಂಬುಲ್‌ನಲ್ಲೇ ಒಟ್ಟೋಮನ್ ಸೇನಾ ನ್ಯಾಯಾಲಯ ವಿಚಾರಣೆ ನಡೆಸಿ ತಲಾತ್, ಎನ್ವರ್, ಅವರೊಡನೆ ಆಳುತ್ತಿದ್ದ ಜೆಮಾಲ್ ಪಾಷಾ ಇವರಿಗೆ ಅವರ ಗೈರುಹಾಜರಿಯಲ್ಲಿ ಮರಣದಂಡನೆ ವಿಧಿಸಿತ್ತು. ತುರ್ಕಿಯ ನ್ಯಾಯಾಧೀಶರೇ ತುರ್ಕಿ ಸಾಕ್ಷ್ಯಗಳನ್ನು ಆಧರಿಸಿ ಕೊಟ್ಟ ತೀರ್ಪು ಅದು. ಅಲ್ಲಿಂದ ಮುಂದಕ್ಕೆ ಹೋಗಬಹುದಿತ್ತು. ಆದರೆ 1923ರ ಲೊಸಾನ್ ಒಪ್ಪಂದದ ಹೊತ್ತಿಗೆ ಅರ್ಮೇನಿಯದ ಪ್ರಸ್ತಾಪವೇ ಕಾಗದದಿಂದ ಮಾಯವಾಯಿತು. ತುರ್ಕಿಯ ಹೊಸ ಗಣರಾಜ್ಯ ಮೌನವನ್ನು ಆರಿಸಿಕೊಂಡಿತು. ಜಗತ್ತು ಅದಕ್ಕೆ ಒಪ್ಪಿತು. ಬರ್ಲಿನ್‌ನಲ್ಲಿ ಅಡಗಿದ್ದ ತಲಾತ್‌ನನ್ನು 1921ರ ಮಾರ್ಚ್ 15ರಂದು ಸೊಘೊಮೋನ್ ತೆಹ್ಲಿರಿಯನ್ ಎಂಬ ಯುವಕ ಗುಂಡಿಟ್ಟು ಕೊಂದ; ಜರ್ಮನ್ ಜ್ಯೂರಿ ಅವನನ್ನು ಬಿಡುಗಡೆ ಮಾಡಿತು. ಆಗ ರಫಾಯೆಲ್ ಲೆಮ್ಕಿನ್ ಎಂಬ ವಿದ್ಯಾರ್ಥಿ ತನ್ನ ಅಧ್ಯಾಪಕರನ್ನು ಕೇಳಿದ್ದ: ಒಬ್ಬನನ್ನು ಕೊಂದರೆ ಅಪರಾಧ, ಹತ್ತು ಲಕ್ಷ ಜನರನ್ನು ಕೊಲ್ಲಿಸಿದವನನ್ನು ಹಿಡಿಯಲು ಕಾನೂನೇ ಇಲ್ಲವೇ? ರೈತ ತನ್ನ ಕೋಳಿಗಳನ್ನು ಕೊಂದರೆ ಕೇಳುವವರು ಯಾರು ಎಂಬ ಅರ್ಥದ ಉತ್ತರ ಬಂತೆಂದು ಅವನು ಮುಂದೆ ನೆನೆದಿದ್ದಾನೆ. ಆ ಉತ್ತರವನ್ನು ಒಪ್ಪದೆ ದುಡಿದ ಲೆಮ್ಕಿನ್‌ನ ಛಲದಿಂದಲೇ 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ನರಮೇಧದ ವಿರುದ್ಧ ಒಡಂಬಡಿಕೆ ಮಾಡಿತು. ಅಷ್ಟರಲ್ಲಿ ಲೆಮ್ಕಿನ್‌ನ ಸ್ವಂತ ಬಳಗವೂ ಹಿಟ್ಲರನ ಕೈಯಲ್ಲಿ ನಾಶವಾಗಿತ್ತು.

ನಿರಾಕರಣೆ ಎಂದರೆ ಬರೀ ಸುಳ್ಳು ಹೇಳುವುದಲ್ಲ. ನೊಂದವರನ್ನು ಕೊನೆಯಿಲ್ಲದ ಕಟಕಟೆಯಲ್ಲಿ ನಿಲ್ಲಿಸುವುದು. ಯುದ್ಧದಲ್ಲಿ ಎಲ್ಲ ಕಡೆಯೂ ಜನ ಸತ್ತರು, ವಾನ್ ಪಟ್ಟಣದಲ್ಲಿ ಅರ್ಮೇನಿಯನ್ನರೂ ಆಯುಧ ಹಿಡಿದಿದ್ದರು, ರೋಗದಿಂದ ಸತ್ತವರೇ ಹೆಚ್ಚು ಎಂದು ತುರ್ಕಿ ಸರ್ಕಾರದ ವಾದ ಸಾಗುತ್ತದೆ. ಅನಾತೋಲಿಯದ ಮುಸ್ಲಿಮರು ಅಪಾರ ಸಂಖ್ಯೆಯಲ್ಲಿ ಸತ್ತದ್ದು ನಿಜ. ಆ ದುಃಖಕ್ಕೂ ತಲೆಬಾಗಬೇಕು. ಆದರೆ ರಣರಂಗದಿಂದ ನೂರಾರು ಮೈಲಿ ದೂರದ ಊರುಗಳ ಮುದುಕಿಯರನ್ನೂ ಹಸುಳೆಗಳನ್ನೂ ಮರುಭೂಮಿಗೆ ನಡೆಸಿದ್ದನ್ನು ಯಾವ ಯುದ್ಧವೂ ವಿವರಿಸಲಾರದು. ಇಷ್ಟನ್ನು ಒಪ್ಪಿಕೊಳ್ಳಲು ಏಕೆ ಆಗುತ್ತಿಲ್ಲ? ತಾತನ ತಪ್ಪನ್ನು ಒಪ್ಪಿದರೆ ತಾನು ಕುಗ್ಗಿಹೋಗುತ್ತೇನೆಂಬ ಭಯ ಮೊಮ್ಮಗನಿಗಿದೆ. ತಾತನ ಆಸ್ತಿಯನ್ನು ಪಡೆಯುವಾಗ ಮಾತ್ರ ಆ ಭಯ ಕಾಣುವುದಿಲ್ಲ.

ಆ ಭಯವನ್ನು ದಾಟಿದವರು ತುರ್ಕಿಯಲ್ಲೇ ಹುಟ್ಟಿದರು. ಫೆತಿಯೆ ಚೆತಿನ್ ವಕೀಲೆ. ತಾಯಿಯ ತಾಯಿಯನ್ನು ಸೆಹೆರ್ ಎಂಬ ಧರ್ಮನಿಷ್ಠ ಮುಸ್ಲಿಂ ಗೃಹಿಣಿ ಎಂದೇ ತಿಳಿದು ಬೆಳೆದವರು. ಕಾನೂನು ಓದುತ್ತಿದ್ದಾಗ ಒಂದು ದಿನ ಅಜ್ಜಿ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅರವತ್ತು ವರ್ಷ ಯಾರಿಗೂ ಹೇಳದ್ದನ್ನು ಹೇಳಿದರು. ತನ್ನ ಹೆಸರು ಹೆರಾನುಷ್, ಊರು ಹಬಾಬ್, ಗಡೀಪಾರಿನ ದಾರಿಯಲ್ಲಿ ಜೆಂಡರ್ಮ್ ಪಡೆಯ ದಫೇದಾರನೊಬ್ಬ ತಾಯಿಯ ಕೈಯಿಂದ ತನ್ನನ್ನು ಕಿತ್ತುಕೊಂಡು ಹೋಗಿ ಮಗಳೆಂದು ಸಾಕಿದ. ತಾಯಿ ಬದುಕುಳಿದು ಅಮೆರಿಕ ಸೇರಿದ್ದರು. ಅಲ್ಲಿನ ತನ್ನವರನ್ನು ಹುಡುಕಿಕೊಡು ಎಂದು ಅಜ್ಜಿ ಕೇಳಿದರು. ಬಾಲ್ಯದಲ್ಲಿ ಅಜ್ಜಿಯೊಡನೆ ಹೋದ ಮನೆಗಳಲ್ಲಿ ಮುದುಕಿಯರು ಚೊರೆಕ್ ಎಂಬ ಹೆಣೆದ ರೊಟ್ಟಿ ಕೊಡುತ್ತಿದ್ದುದು ಫೆತಿಯೆ ಅವರಿಗೆ ನೆನಪಿತ್ತು. ಅದು ಈಸ್ಟರ್ ಹಬ್ಬದ ರೊಟ್ಟಿ ಎಂಬುದೂ, ಆ ಮುದುಕಿಯರೆಲ್ಲ ತನ್ನ ಅಜ್ಜಿಯಂಥವರೇ ಎಂಬುದೂ ಆಮೇಲೆ ಅರ್ಥವಾಯಿತು. ಹೆಸರು, ಭಾಷೆ, ಧರ್ಮ ಎಲ್ಲ ಹೋದ ಮೇಲೂ ಆ ಹೆಂಗಸರು ಹಿಟ್ಟು ನಾದಿ ಹೆಣೆದು ಬೇಯಿಸುವುದರಲ್ಲಿ ಹಬ್ಬವನ್ನು ಉಳಿಸಿಕೊಂಡಿದ್ದರು. 2000ದಲ್ಲಿ ಅಜ್ಜಿ ತೀರಿಕೊಂಡಾಗ ಫೆತಿಯೆ ಪತ್ರಿಕೆಯಲ್ಲಿ ಹೆರಾನುಷ್ ಎಂಬ ನಿಜ ಹೆಸರಿನಲ್ಲೇ ಮರಣವಾರ್ತೆ ಹಾಕಿಸಿದರು. ಅದು ದೇಶ ದಾಟಿ ಅಮೆರಿಕದ ಬಂಧುಗಳಿಗೆ ತಲುಪಿತು. ಅಜ್ಜಿಯ ಬಗ್ಗೆ ಫೆತಿಯೆ 2004ರಲ್ಲಿ ಪ್ರಕಟಿಸಿದ ಪುಸ್ತಕ ತುರ್ಕಿಯಲ್ಲಿ ಮರುಮುದ್ರಣದ ಮೇಲೆ ಮರುಮುದ್ರಣ ಕಂಡಿತು. ನಮ್ಮ ಅಜ್ಜಿಯೂ ಹಾಗೇ ಎನ್ನುವವರು ಒಬ್ಬೊಬ್ಬರಾಗಿ ಮುಂದೆ ಬಂದರು.

ಆ ಮರಣವಾರ್ತೆ ಬಂದ ಪತ್ರಿಕೆ ‘ಅಗೋಸ್’. ಅದರ ಸಂಪಾದಕ ಹ್ರಾಂತ್ ದಿಂಕ್ ಅದನ್ನು 1996ರಲ್ಲಿ ತುರ್ಕಿ ಮತ್ತು ಅರ್ಮೇನಿಯನ್ ಎರಡೂ ಭಾಷೆಗಳಲ್ಲಿ ಆರಂಭಿಸಿದ್ದರು. ಅವರದು ಎರಡೂ ಕಡೆಯವರನ್ನು ಮಾತಿಗೆ ಕರೆಯುವ ಹಟ. ತುರ್ಕಿ ಸಮಾಜಕ್ಕೆ ನಡೆದದ್ದನ್ನು ನೋಡಿ ಎನ್ನುತ್ತಿದ್ದರು. ಹೊರದೇಶದ ಅರ್ಮೇನಿಯನ್ನರಿಗೆ ತುರ್ಕರ ಮೇಲಿನ ದ್ವೇಷದಿಂದ ನಿಮ್ಮನ್ನು ಬಿಡಿಸಿಕೊಳ್ಳಿ ಎನ್ನುತ್ತಿದ್ದರು. ನರಮೇಧವನ್ನು ಅಲ್ಲಗಳೆಯುವುದನ್ನು ಅಪರಾಧವೆನ್ನುವ ಕಾನೂನು ಫ್ರಾನ್ಸಿನಲ್ಲಿ ಬರಹೊರಟಾಗ ಅದನ್ನೂ ವಿರೋಧಿಸಿದರು. ತುರ್ಕಿತನಕ್ಕೆ ಅವಮಾನ ಮಾಡಿದರೆಂದು ನ್ಯಾಯಾಲಯ ಅವರಿಗೆ ಶಿಕ್ಷೆ ವಿಧಿಸಿತು. 2007ರ ಜನವರಿ 19ರಂದು ಪತ್ರಿಕಾ ಕಚೇರಿಯ ಮುಂದಿನ ಕಾಲುದಾರಿಯಲ್ಲಿ ಹದಿನೇಳರ ಹುಡುಗನೊಬ್ಬ ಅವರನ್ನು ಗುಂಡಿಟ್ಟು ಕೊಂದ. ಶವಯಾತ್ರೆಗೆ ಲಕ್ಷ ಜನ ಬಂದರು. ನಾವೆಲ್ಲ ಅರ್ಮೇನಿಯನ್ನರು ಎಂದು ಬರೆದ ಫಲಕಗಳನ್ನು ಹಿಡಿದು ಬಹುಪಾಲು ತುರ್ಕರೇ ಇಸ್ತಾಂಬುಲ್‌ನಲ್ಲಿ ನಡೆದರು. ಮರುವರ್ಷದ ಡಿಸೆಂಬರಿನಲ್ಲಿ ಕೆಲವು ತುರ್ಕಿ ಬುದ್ಧಿಜೀವಿಗಳು ಕ್ಷಮೆ ಕೋರುವ ಪತ್ರವೊಂದನ್ನು ಸಾರ್ವಜನಿಕವಾಗಿ ಇಟ್ಟಾಗ ಸುಮಾರು ಮೂವತ್ತು ಸಾವಿರ ಜನ ಸಹಿ ಹಾಕಿದರು. ಸರ್ಕಾರ ಮಾಡದ್ದನ್ನು ನಾಗರಿಕರು ಮಾಡಿದರು. 2016ರಲ್ಲಿ ಜರ್ಮನಿಯ ಸಂಸತ್ತು ಇದನ್ನು ನರಮೇಧವೆಂದು ಒಪ್ಪಿದಾಗ, ಆ ಕಾಲದಲ್ಲಿ ಒಟ್ಟೋಮನ್ನರ ಮಿತ್ರನಾಗಿ ಎಲ್ಲ ತಿಳಿದೂ ಸುಮ್ಮನಿದ್ದ ತನ್ನ ದೇಶದ ಪಾಲನ್ನೂ ಒಪ್ಪಿಕೊಂಡಿತು. ಭಾರ ಹೊರುವುದೆಂದರೆ ಹೀಗೆ.

ನೆನಪಿಗೆ ತನ್ನದೇ ಅಪಾಯವೂ ಇದೆ ಎಂಬುದನ್ನು ಮರೆಯಬಾರದು. 1988ರಲ್ಲಿ ನಾಗೋರ್ನೊ-ಕರಬಾಖ್ ಎಂಬ ಪ್ರದೇಶಕ್ಕಾಗಿ ಅರ್ಮೇನಿಯನ್ನರಿಗೂ ಅಜರ್‌ಬೈಜಾನಿಗಳಿಗೂ ಕಲಹ ಎದ್ದಿತು. ಅಜರ್‌ಬೈಜಾನಿನ ಸುಮ್ಗಾಯಿತ್‌ನಲ್ಲಿ ಅರ್ಮೇನಿಯನ್ನರ ಮೇಲೆ ದಾಳಿಯಾಯಿತು. ಮುಂದಿನ ಯುದ್ಧದಲ್ಲಿ ಅರ್ಮೇನಿಯನ್ನರು ಗೆದ್ದಾಗ ಖೋಜಾಲಿಯಲ್ಲಿ ನೂರಾರು ಅಜರ್‌ಬೈಜಾನಿ ನಾಗರಿಕರ ಹತ್ಯೆಯಾಯಿತು, ಲಕ್ಷಾಂತರ ಅಜರ್‌ಬೈಜಾನಿಗಳು ಮನೆ ಬಿಟ್ಟರು. ಮನೆ ಬಿಡುವುದೆಂದರೇನು ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರ ಕಣ್ಣೆದುರೇ ಇದು ನಡೆಯಿತು. 2023ರ ಸೆಪ್ಟೆಂಬರಿನಲ್ಲಿ ಅಜರ್‌ಬೈಜಾನಿನ ಸೇನೆ ಕರಬಾಖನ್ನು ವಶಪಡಿಸಿಕೊಂಡಾಗ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ವಾರದೊಳಗೆ ಊರು ತೊರೆದರು. ಮದರಾಸಿಗೆ ಬಂದ ವರ್ತಕರ ಮೂಲ ಊರಾದ ಜುಗಾದ ಸ್ಮಶಾನವೂ ಈಗಿಲ್ಲ. ಅಲ್ಲಿದ್ದ ಸಾವಿರಾರು ಶಿಲುಬೆಗಲ್ಲುಗಳನ್ನು ಅಜರ್‌ಬೈಜಾನಿ ಸೈನಿಕರು ಒಡೆದು ಹೊಳೆಗೆ ಸುರಿಯುತ್ತಿದ್ದುದನ್ನು 2005ರ ಡಿಸೆಂಬರಿನಲ್ಲಿ ಆಚೆ ದಡದ ಇರಾನಿನಿಂದ ಚಿತ್ರೀಕರಿಸಿದರು. ಅಂಥದ್ದೇನೂ ನಡೆದಿಲ್ಲ ಎಂದು ಅಜರ್‌ಬೈಜಾನ್ ಹೇಳುತ್ತದೆ.

ಇಷ್ಟನ್ನೆಲ್ಲ ಓದಿದ ಮೇಲೆ ಆರಂಭದ ಪ್ರಶ್ನೆಗೆ ನನಗೆ ಸಿಗುವ ಉತ್ತರ ಇದು. ನೆನಪು ಸೇಡಿಗೆ ಬೇಕಾದ ಆಯುಧವಾಗಿ ಉಳಿದರೆ ಅದು ಮುಂದಿನ ಹತ್ಯೆಗೆ ಬೀಜ. ನೊಂದವರ ಮನೆಯೊಳಗಿನ ಗುಟ್ಟಾಗಿ ಉಳಿದರೆ ಅದು ತಲೆಮಾರುಗಳ ಕಾಯಿಲೆ. ನೋವು ಕೊಟ್ಟವರ ಮೊಮ್ಮಕ್ಕಳು, ಏನೂ ಸಂಬಂಧವಿಲ್ಲದ ನಾವು, ಅದರ ಒಂದು ತುದಿಯನ್ನು ಹಿಡಿದಾಗ ಮಾತ್ರ ಅದು ಮನುಷ್ಯರನ್ನು ಕಾಯುವ ತಿಳಿವಳಿಕೆಯಾಗುತ್ತದೆ. ಅಜ್ಜಿ ಹೇಳಿದ್ದು ದೊಡ್ಡದು. ಮೊಮ್ಮಗಳು ಅದನ್ನು ಕೇಳಿಸಿಕೊಂಡಳು, ಕೇಳಿದ್ದನ್ನು ಮುಚ್ಚಿಡಲಿಲ್ಲ ಎಂಬುದೂ ಅಷ್ಟೇ ದೊಡ್ಡದು.

ಭಾರತ ಸರ್ಕಾರ ಇದುವರೆಗೆ 1915ರ ಘಟನೆಗಳನ್ನು ನರಮೇಧವೆಂದು ಅಧಿಕೃತವಾಗಿ ಒಪ್ಪಿಲ್ಲ. ಅರ್ಮೇನಿಯನ್ನರ ಮೊದಲ ಪತ್ರಿಕೆ ಹುಟ್ಟಿದ, ಅವರ ಕನಸಿನ ಗಣರಾಜ್ಯದ ಸಂವಿಧಾನ ಅಚ್ಚಾದ ದೇಶ ಅದನ್ನು ಒಪ್ಪಬೇಕು. ಸರ್ಕಾರಗಳು ತಮ್ಮ ಲೆಕ್ಕ ಹಾಕಿಕೊಳ್ಳುತ್ತವೆ. ಓದುವ ನಮಗೆ ಆ ಲೆಕ್ಕವಿಲ್ಲ. ಪ್ರತಿ ಏಪ್ರಿಲ್ 24ರಂದು ಯೆರೆವಾನ್‌ನ ಗುಡ್ಡದ ಮೇಲಿನ ಸ್ಮಾರಕಕ್ಕೆ ಲಕ್ಷಾಂತರ ಜನ ಹೂ ಹಿಡಿದು ನಡೆದುಹೋಗುತ್ತಾರೆ. ಆ ದಿನ ನಮ್ಮ ಶಾಲೆಯ ಒಂದು ತರಗತಿಯಲ್ಲಿ, ಒಂದು ಗ್ರಂಥಾಲಯದಲ್ಲಿ, ಒಂದು ಮನೆಯಲ್ಲಿ ಈ ಕಥೆಯನ್ನು ಮಕ್ಕಳಿಗೆ ಹೇಳಿ. ಹಾಗೆಯೇ ನಮ್ಮ ನಡುವೆ ಯಾರಾದರೂ ತಮ್ಮ ಮನೆಯ ಹಿರಿಯರಿಗೆ ಆದ ಅನ್ಯಾಯವನ್ನು ಹೇಳಲು ಬಾಯಿ ತೆರೆದಾಗ, ಅವರು ಯಾವ ಜಾತಿಯವರಾಗಲಿ, ಯಾವ ಧರ್ಮದವರಾಗಲಿ, ಸಾಕ್ಷಿ ಎಲ್ಲಿ ಎಂದು ಕೇಳುವ ಮೊದಲು ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ.